ಟ್ರಾನ್ಸ್‌ಮಿಟರ್ ಹೆಚ್ಚು ಕರೆಂಟ್ ಎಳೆಯುತ್ತಿದ್ದರೆ: ಡಿಪಿಡಿ, ಸಿಎಫ್‌ಆರ್, ಡೋಹರ್ಟಿ ದೋಷ ನಿವಾರಣೆ ಕೈಪಿಡಿ

ಇಲ್ಲಿನ ಅಂಕಿಗಳೆಲ್ಲ ಒಂದೇ ಬಗೆಯ ಮೊಬೈಲ್ ಟವರ್ ರೇಡಿಯೊ ಘಟಕಕ್ಕೆ ಸೇರಿದವು. ಭಾರತದಲ್ಲಿ 4ಜಿ ಟಿಡಿಡಿ (ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯಂತೆ ಕಳಿಸುವುದು, ಕೇಳುವುದು) ಓಡುವ ಬ್ಯಾಂಡ್ 40 (2300 ಮೆಗಾಹರ್ಟ್ಸ್), 20 ಮೆಗಾಹರ್ಟ್ಸ್ ಅಗಲದ ಎಲ್‌ಟಿಇ ಕ್ಯಾರಿಯರ್, ಪೋರ್ಟ್‌ಗೆ ಸರಾಸರಿ 40 ವ್ಯಾಟ್ ಅಂದರೆ 46 ಡಿಬಿಎಂ, 48 ವೋಲ್ಟ್ ಡ್ರೇನ್‌ನಲ್ಲಿ ಓಡುವ ಗ್ಯಾಲಿಯಂ ನೈಟ್ರೈಡ್ ಡೋಹರ್ಟಿ ಆಂಪ್ಲಿಫೈಯರ್ (ಸದಾ ಓಡುವ ಕ್ಯಾರಿಯರ್ ಟ್ರಾನ್ಸಿಸ್ಟರ್, ಪೀಕ್ ಬಂದಾಗ ಮಾತ್ರ ಏಳುವ ಪೀಕಿಂಗ್ ಟ್ರಾನ್ಸಿಸ್ಟರ್ ಎರಡರ ಜೋಡಿ). ಅದರ ಹಿಂದೆ ಡಿಜಿಟಲ್ ಭಾಗದಲ್ಲಿ ಎರಡು ಘಟ್ಟಗಳು: ಸಿಗ್ನಲ್‌ನ ಪೀಕ್‌ಗಳನ್ನು ತಗ್ಗಿಸುವ ಸಿಎಫ್‌ಆರ್, ಆಮೇಲೆ ಆಂಪ್ಲಿಫೈಯರ್ ಮಾಡಲಿರುವ ವಿಕೃತಿಯ ಉಲ್ಟಾವನ್ನು ಮೊದಲೇ ಬೆರೆಸಿಡುವ ಡಿಪಿಡಿ. ಬೇರೆ ಬ್ಯಾಂಡ್, ಬೇರೆ ಪವರ್ ಇದ್ದರೆ ಅಂಕಿ ಬದಲಾಗುತ್ತದೆ, ಹುಡುಕುವ ದಾರಿ ಬದಲಾಗುವುದಿಲ್ಲ.

ದೂರು ಸಾಮಾನ್ಯವಾಗಿ ಎರಡು ರೂಪದಲ್ಲಿ ಬರುತ್ತದೆ. ಒಂದು, ಘಟಕ ಬಿಸಿಯಾಗುತ್ತಿದೆ, ಕರೆಂಟ್ ಹೆಚ್ಚು ಎಳೆಯುತ್ತಿದೆ. ಇನ್ನೊಂದು, ಪಕ್ಕದ ಚಾನೆಲ್‌ಗೆ ಸೋರಿಕೆಯ ಅಳತೆ (ಎಸಿಎಲ್‌ಆರ್, ಇದು ಹೆಚ್ಚಿದ್ದಷ್ಟೂ ಸೋರಿಕೆ ಕಡಿಮೆ) 45 ಡಿಬಿ ಮಿತಿ ಮುಟ್ಟುತ್ತಿಲ್ಲ, ಹಾಗಾಗಿ ಯಾರೋ ಔಟ್‌ಪುಟ್ ಪವರ್ ಇಳಿಸಿ ಕೂತಿದ್ದಾರೆ. ಎರಡೂ ಒಂದೇ ರೋಗ. 1.5 ಡಿಬಿ ಇಳಿಸಿದರೆ 40 ವ್ಯಾಟ್ ಸುಮಾರು 28 ವ್ಯಾಟ್ ಆಗುತ್ತದೆ, ಆದರೆ ಡ್ರೇನ್ ದಕ್ಷತೆಯೂ (ಎಳೆದ ಪವರ್‌ನಲ್ಲಿ ಆರ್‌ಎಫ್ ಆಗಿ ಹೊರಬರುವ ಪಾಲು) 45ರಿಂದ 38 ಶೇಕಡಾಕ್ಕೆ ಬೀಳುತ್ತದೆ. ಗಾಳಿಗೆ ಹೋಗುವ ಪವರ್ 29 ಶೇಕಡಾ ಹೋಯಿತು, ಸಪ್ಲೈನಿಂದ ಎಳೆಯುವುದು 89 ವ್ಯಾಟ್‌ನಿಂದ 75ಕ್ಕೆ, ಅಂದರೆ ಬರೀ 16 ಶೇಕಡಾ ಇಳಿಯಿತು. ಪವರ್ ಇಳಿಸಿ ಎಸಿಎಲ್‌ಆರ್ ಪಾಸ್ ಮಾಡಿಸುವುದು ರಿಪೇರಿ ಅಲ್ಲ.

ನಮ್ಮ ಸಲಹೆ ಒಂದೇ: ಮೊದಲು ಡಿಪಿಡಿ ಆಫ್ ಮಾಡಿ, ಅದರ ಮರೆಯಿಲ್ಲದೆ ಆಂಪ್ಲಿಫೈಯರನ್ನು ಅಳೆದು ನೋಡಿ. ಡಿಪಿಡಿ ಓಡುತ್ತಿರುವಾಗ ಬಯಾಸ್ (ಗೇಟ್‌ಗೆ ಕೊಡುವ ಸ್ಥಿರ ವೋಲ್ಟೇಜ್) ಜಾರಿದ್ದು, ಕೆಪಾಸಿಟರ್ ಸತ್ತದ್ದು, ಪೀಕಿಂಗ್ ಟ್ರಾನ್ಸಿಸ್ಟರ್ ಏಳದಿದ್ದದ್ದು ಯಾವುದೂ ಕಾಣುವುದಿಲ್ಲ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ ಅದು ಎಲ್ಲವನ್ನೂ ಸಹಿಸುತ್ತದೆ. ತುಂಬಿದ ದಿನ ಒಮ್ಮೆಲೇ ಎಲ್ಲ ಹೊರಗೆ.

ಅಳತೆಯೇ ತಪ್ಪಿದ್ದರೆ

ಟಿಡಿಡಿಯಲ್ಲಿ "ದಕ್ಷತೆ ಬಿದ್ದಿದೆ" ಎಂದು ಬರುವ ದೂರುಗಳಲ್ಲಿ ಒಳ್ಳೆಯ ಪಾಲು ಮೀಟರಿನದು. ಅಪ್‌ಲಿಂಕ್-ಡೌನ್‌ಲಿಂಕ್ ಸಂರಚನೆ 2, ವಿಶೇಷ ಸಬ್‌ಫ್ರೇಮ್ ಸಂರಚನೆ 7 ಇರುವ ಕಡೆ 10 ಮಿಲಿಸೆಕೆಂಡಿನ ಫ್ರೇಮ್‌ನಲ್ಲಿ 140 ಸಿಂಬಲ್. ಆರು ಪೂರ್ಣ ಡೌನ್‌ಲಿಂಕ್ ಸಬ್‌ಫ್ರೇಮ್ ಸೇರಿ 84 ಸಿಂಬಲ್, ಎರಡು ವಿಶೇಷ ಸಬ್‌ಫ್ರೇಮ್‌ಗಳಲ್ಲಿ ತಲಾ 10. ಒಟ್ಟು 104, ಅಂದರೆ ಟ್ರಾನ್ಸ್‌ಮಿಟರ್ ಓಡುವುದು 74.3 ಶೇಕಡಾ ಹೊತ್ತು ಮಾತ್ರ.

ಈಗ ಲೆಕ್ಕ ನೋಡಿ. 45 ಶೇಕಡಾ ದಕ್ಷತೆಯ ಆರೋಗ್ಯವಂತ ಘಟಕ ಓಡುವ ಹೊತ್ತಿನಲ್ಲಿ 89 ವ್ಯಾಟ್, ಅಂದರೆ 48 ವೋಲ್ಟ್‌ನಲ್ಲಿ 1.85 ಆಂಪಿಯರ್ ಎಳೆಯುತ್ತದೆ. ಆರ್‌ಎಫ್ ಪವರ್ ಮೀಟರ್ ಇಡೀ ಫ್ರೇಮ್‌ನ ಸರಾಸರಿ ತೋರಿಸಿ (29.7 ವ್ಯಾಟ್), ಕರೆಂಟನ್ನು ಮಾತ್ರ ಪ್ರೋಬ್‌ನಿಂದ ಓಡುವ ಹೊತ್ತಿನಲ್ಲಿ ಹಿಡಿದರೆ ದಕ್ಷತೆ 33 ಶೇಕಡಾ ಎಂದು ಬರುತ್ತದೆ. ಉಲ್ಟಾ ಮಾಡಿದರೆ 60 ಶೇಕಡಾ ಬಂದು ಎಲ್ಲರೂ ಖುಷಿ. ಎರಡನ್ನೂ ಓಡುವ ಹೊತ್ತಿಗೆ ಮಾತ್ರ ಗೇಟ್ ಹಾಕಿ ಅಳೆಯಿರಿ, ಇಲ್ಲವೇ ಎರಡನ್ನೂ ಸರಾಸರಿ ಮಾಡಿ. ಬೆರಸಬೇಡಿ.

ಕೇಬಲ್ ನಷ್ಟವೂ ನೋಡಿ. ಕ್ಯಾಲಿಬ್ರೇಷನ್‌ನಲ್ಲಿ 0.3 ಡಿಬಿ ಬಿಟ್ಟುಹೋದರೆ 45 ಶೇಕಡಾ 42 ಆಗಿ ಕಾಣುತ್ತದೆ. 2.3 ಗಿಗಾಹರ್ಟ್ಸ್‌ನಲ್ಲಿ ಸಡಿಲ ಎನ್ ಕನೆಕ್ಟರ್ ಒಂದೇ ಇಷ್ಟು ತಿನ್ನಬಲ್ಲದು.

ಸ್ಪೆಕ್ಟ್ರಮ್ ಅನಲೈಸರ್ ಮುಂದೆ 100 ವ್ಯಾಟ್ ತಾಳುವ 30 ಡಿಬಿ ಅಟೆನ್ಯುಯೇಟರ್ ಇಟ್ಟರೆ ಇನ್ನೂ ಸರಾಸರಿ 16 ಡಿಬಿಎಂ, ಪೀಕ್ 23.5 ಡಿಬಿಎಂ ಬರುತ್ತದೆ. ಉಪಕರಣ ಸುಡದಿದ್ದರೂ ಒಳಗಿನ ಮಿಕ್ಸರ್ ತನ್ನದೇ ವಿಕೃತಿ ಸೇರಿಸುತ್ತದೆ. ಇನ್ನೊಂದು 20 ಡಿಬಿ ಸೇರಿಸಿ. ಅನಲೈಸರ್‌ನ ಒಳಗಿನ ಅಟೆನ್ಯುಯೇಷನ್ 5 ಡಿಬಿ ಬದಲಿಸಿದಾಗ ಎಸಿಎಲ್‌ಆರ್ ಅಲುಗಾಡಿದರೆ ನೀವು ಅಳೆಯುತ್ತಿರುವುದು ಅನಲೈಸರನ್ನೇ.

ಅಪ್‌ಲಿಂಕ್ ಹೊತ್ತಿನಲ್ಲಿ ಡ್ರೇನ್ ಕರೆಂಟ್ ಸೊನ್ನೆಗೆ ಇಳಿಯುತ್ತದೆಯೇ? ಗೇಟ್ ಸ್ವಿಚ್ ಕೆಟ್ಟು 0.4 ಆಂಪಿಯರ್ ಐಡಲ್ ಕರೆಂಟ್ ಉಳಿದರೆ ಸರಾಸರಿ 5 ವ್ಯಾಟ್ ಸುಮ್ಮನೆ ಹೋಗುತ್ತದೆ, ಜೊತೆಗೆ ರಿಸೀವರ್‌ನ ನಾಯ್ಸ್ ಏರುತ್ತದೆ. ಕರೆಂಟ್ ಪ್ರೋಬ್ ಮತ್ತು ಆಸಿಲೋಸ್ಕೋಪ್ ಇದ್ದರೆ ಒಂದು ನಿಮಿಷದ ಕೆಲಸ.

ಡಿಪಿಡಿ ಆಫ್ ಮಾಡಿ ನೋಡುವುದು

ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್‌ಗೆ ಗೇಟ್‌ನಲ್ಲಿ ಋಣ ವೋಲ್ಟೇಜ್ ಇಲ್ಲದಿದ್ದರೆ ಅದು ಪೂರ್ತಿ ತೆರೆದ ಬಾಗಿಲು. ಹಾಗಾಗಿ ಕ್ರಮ ತಪ್ಪಬಾರದು:

1. ಔಟ್‌ಪುಟ್‌ಗೆ 50 ಓಮ್ ಡಮ್ಮಿ ಲೋಡ್, ಕನಿಷ್ಠ 100 ವ್ಯಾಟ್.
2. ಮೊದಲು ಗೇಟ್ ಬಯಾಸ್ (ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚುವ ಪಿಂಚ್-ಆಫ್‌ಗಿಂತ ಕೆಳಗೆ), ಆಮೇಲೆ 48 ವೋಲ್ಟ್ ಡ್ರೇನ್, ಕೊನೆಗೆ ಆರ್‌ಎಫ್. ಆಫ್ ಮಾಡುವಾಗ ಇದರ ಹಿಂದುಮುಂದು.
3. ಆರ್‌ಎಫ್ ಇಲ್ಲದೆ ಕ್ಯಾರಿಯರ್ ಟ್ರಾನ್ಸಿಸ್ಟರ್‌ನ ಐಡಲ್ ಕರೆಂಟನ್ನು ಆ ಬೋರ್ಡ್‌ನ ಕಾರ್ಖಾನೆ ದಾಖಲೆಯ ಅಂಕಿಗೆ ಹೋಲಿಸಿ. ಪೀಕಿಂಗ್ ಟ್ರಾನ್ಸಿಸ್ಟರ್ ಸೊನ್ನೆ ಎಳೆಯಬೇಕು.
4. ಸಿಎಫ್‌ಆರ್ ಮಾತ್ರ ಹಾಕಿ, ಡಿಪಿಡಿ ಆಫ್ ಮಾಡಿ, ಎಲ್ಲ ರಿಸೋರ್ಸ್ ಬ್ಲಾಕ್ ತುಂಬಿದ ಇ-ಟಿಎಂ 1.1 ಎಂಬ ಎಲ್‌ಟಿಇ ಪರೀಕ್ಷಾ ಸಿಗ್ನಲ್ ಕೊಡಿ. ರೇಟೆಡ್ ಪವರ್‌ಗಿಂತ 10 ಡಿಬಿ ಕೆಳಗಿಂದ ಶುರು ಮಾಡಿ 1 ಡಿಬಿ ಹೆಜ್ಜೆಯಲ್ಲಿ ಏರಿಸಿ.

ಒಳ್ಳೆಯ ಡೋಹರ್ಟಿ ಬರಿ ಮೈಯಲ್ಲಿ ಪೂರ್ತಿ ಪವರ್‌ಗೆ ಸಾಮಾನ್ಯವಾಗಿ 25ರಿಂದ 32 ಡಿಬಿ ಎಸಿಎಲ್‌ಆರ್ ಕೊಡುತ್ತದೆ. 22ಕ್ಕಿಂತ ಕೆಳಗೆ ಬಂದರೆ ಸಾಫ್ಟ್‌ವೇರ್ ಮುಟ್ಟಬೇಡಿ, ತೊಂದರೆ ಹಾರ್ಡ್‌ವೇರ್‌ನಲ್ಲಿದೆ. ಬರಿ ಎಸಿಎಲ್‌ಆರ್ ಸರಿಯಿದ್ದು ಡಿಪಿಡಿ ಹಾಕಿದ ಮೇಲೂ 45 ಮುಟ್ಟದಿದ್ದರೆ ತೊಂದರೆ ಡಿಜಿಟಲ್ ಕಡೆ ಅಥವಾ ಅಬ್ಸರ್ವೇಷನ್ ದಾರಿಯಲ್ಲಿ (ಔಟ್‌ಪುಟ್‌ನ ಒಂದು ಪಾಲನ್ನು ಡಿಪಿಡಿಗೆ ಹಿಂದಿರುಗಿಸುವ ರಿಸೀವರ್). ಈ ಒಂದು ಕವಲು ಅರ್ಧ ದಿನ ಉಳಿಸುತ್ತದೆ.

ಗೇನ್ ವಕ್ರವನ್ನು ಓದುವುದು

ಡಿಪಿಡಿಗೆ ಹೋದ ಸ್ಯಾಂಪಲ್ ಮತ್ತು ಅಬ್ಸರ್ವೇಷನ್ ರಿಸೀವರ್‌ನಿಂದ ಬಂದ ಸ್ಯಾಂಪಲ್‌ಗಳನ್ನು ಹೊರತೆಗೆದು, ಇನ್‌ಪುಟ್ ಆಂಪ್ಲಿಟ್ಯೂಡ್ ಎದುರು ಗೇನ್ ಚಿತ್ರಿಸಿ. ಸ್ಪೆಕ್ಟ್ರಮ್ ಹೇಳದ ಎಷ್ಟೋ ಸಂಗತಿ ಈ ಚುಕ್ಕೆಗಳ ಮೋಡ ಹೇಳುತ್ತದೆ.

ಮೋಡ ಕೆಳಗಿಂದ ಮೇಲಿನವರೆಗೂ ಒಂದೇ ಸಮ ದಪ್ಪವಾಗಿದ್ದರೆ ಎರಡು ಸಿಗ್ನಲ್‌ಗಳ ಸಮಯ ಹೊಂದಿಲ್ಲ. 122.88 ಮೆಗಾಸ್ಯಾಂಪಲ್ ವೇಗದಲ್ಲಿ ಒಂದು ಸ್ಯಾಂಪಲ್ 8.14 ನ್ಯಾನೊಸೆಕೆಂಡ್. ಬರೀ ಕ್ರಾಸ್-ಕೋರಿಲೇಷನ್‌ನಿಂದ ಪೂರ್ಣ ಸ್ಯಾಂಪಲ್‌ವರೆಗೆ ಹೊಂದಿಸಿ ನಿಂತರೆ ಸಾಲದು. 18 ಮೆಗಾಹರ್ಟ್ಸ್ ತುಂಬಿದ ಸಿಗ್ನಲ್‌ಗೆ 1 ನ್ಯಾನೊಸೆಕೆಂಡ್ ತಪ್ಪೇ ಸುಮಾರು −30 ಡಿಬಿ ದೋಷ ತರುತ್ತದೆ, 100 ಪಿಕೊಸೆಕೆಂಡ್ ಆದರೆ −50. ಗುರಿ −40ಕ್ಕಿಂತ ಕೆಳಗಿರುವಾಗ ಹೊಂದಾಣಿಕೆ 1/64 ಸ್ಯಾಂಪಲ್‌ನಷ್ಟು ಸೂಕ್ಷ್ಮವಾಗಿರಬೇಕು. ಪೂರ್ಣ ಸ್ಯಾಂಪಲ್ ಸಿಕ್ಕ ಮೇಲೆ ಎರಡೂ ಸಿಗ್ನಲ್‌ಗಳ ಫ್ರೀಕ್ವೆನ್ಸಿ ಡೊಮೇನ್ ಫೇಸ್ ವ್ಯತ್ಯಾಸದ ಇಳಿಜಾರಿನಿಂದ ಉಳಿದ ಭಿನ್ನಾಂಶ ತೆಗೆಯಿರಿ. ಹಿಂದಿನ ಸ್ಯಾಂಪಲ್‌ಗಳನ್ನೂ ಡಿಪಿಡಿ ಲೆಕ್ಕಕ್ಕೆ ಸೇರಿಸುವ ಮೆಮೊರಿ ಟ್ಯಾಪ್‌ಗಳು ಈ ತಪ್ಪನ್ನು ಸ್ವಲ್ಪ ನುಂಗಿಕೊಳ್ಳುತ್ತವೆ, ನಿಜ. ಆದರೆ ಆಂಪ್ಲಿಫೈಯರ್‌ಗೆ ಬೇಕಾದ ಟ್ಯಾಪ್ ಕೇಬಲ್ ಉದ್ದ ಸರಿಪಡಿಸಲು ಖರ್ಚಾಗುತ್ತದೆ.

ಮಧ್ಯದಲ್ಲಿ ಮಾತ್ರ ಮೋಡ ಉಬ್ಬಿದ್ದು, ಅನಲೈಸರ್‌ನಲ್ಲಿ ಎಡ-ಬಲ ಎಸಿಎಲ್‌ಆರ್ ನಡುವೆ 3 ಡಿಬಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೆಮೊರಿ ಪರಿಣಾಮ, ಅಂದರೆ ಹಿಂದಿನ ಸಿಗ್ನಲ್‌ನ ನೆರಳು ಈಗಿನ ಗೇನ್ ಮೇಲೆ ಬೀಳುತ್ತಿದೆ. ಡ್ರೇನ್ ಬಯಾಸ್ ಸಾಲಿನ ಕೆಪಾಸಿಟರ್‌ಗಳನ್ನು ಮೊದಲು ಅನುಮಾನಿಸಿ. ಸಿಗ್ನಲ್‌ನ ಹೊದಿಕೆ ಮೆಗಾಹರ್ಟ್ಸ್ ವೇಗದಲ್ಲಿ ಏರಿಳಿಯುವಾಗ ಡ್ರೇನ್ ವೋಲ್ಟೇಜ್ ಅಲುಗದಂತೆ ಹಿಡಿಯುವವು ಇವೇ. 10 ಮೈಕ್ರೊಫ್ಯಾರಡ್ ಎಂದು ಬರೆದ ಎಕ್ಸ್7ಆರ್ ಸೆರಾಮಿಕ್ ಕೆಪಾಸಿಟರ್ 48 ವೋಲ್ಟ್ ಕೆಳಗೆ ಅರ್ಧಕ್ಕೂ ಇಳಿಯಬಲ್ಲದು. ಬದಲಿಗೆ ಕಡಿಮೆ ವೋಲ್ಟೇಜ್ ರೇಟಿಂಗ್‌ನದನ್ನು ಯಾರಾದರೂ ಹಾಕಿದ್ದರೆ ಇನ್ನೂ ಕೆಟ್ಟದ್ದು. ಬೋರ್ಡ್ ಬಗ್ಗಿ ಕೆಪಾಸಿಟರ್ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣದು. ಜೂಮ್ ಮಾಡಿ ಅಂಚು ನೋಡಿ, ಸಂಶಯವಿದ್ದರೆ ಬದಲಿಸಿಬಿಡಿ.

ಪೀಕ್‌ಗಿಂತ ಸುಮಾರು 6 ಡಿಬಿ ಕೆಳಗೆ ವಕ್ರದಲ್ಲಿ ಗಂಟು ಕಾಣಿಸಿದರೆ ಪೀಕಿಂಗ್ ಟ್ರಾನ್ಸಿಸ್ಟರ್ ಕಡೆ ತಿರುಗಿ. ಡೋಹರ್ಟಿಯ ಲೆಕ್ಕ 1936ರಿಂದ ಬದಲಾಗಿಲ್ಲ: ಎರಡೂ ಟ್ರಾನ್ಸಿಸ್ಟರ್ ಸಮವಾಗಿದ್ದರೆ ದಕ್ಷತೆಯ ಮೊದಲ ಶಿಖರ ಪೀಕ್ ಪವರ್‌ಗಿಂತ 6 ಡಿಬಿ ಕೆಳಗೆ, 1:2 ಅನುಪಾತವಿದ್ದರೆ 9.5 ಡಿಬಿ ಕೆಳಗೆ. ಪೀಕಿಂಗ್‌ನ ಗೇಟ್ ಬಯಾಸ್ ಶೂನ್ಯದ ಕಡೆ ಜಾರಿದರೆ ಅದು ಬೇಗ ಏಳುತ್ತದೆ. ವಕ್ರ ಸಪಾಟು, ಎಸಿಎಲ್‌ಆರ್ ಚೆನ್ನ, ಡಿಪಿಡಿಗೆ ಸಲೀಸು, ಆದರೆ ಕರೆಂಟ್ ಏರಿರುತ್ತದೆ. ಈ ದೋಷ ಲೀನಿಯರಿಟಿ ಪರೀಕ್ಷೆಗಳಲ್ಲೆಲ್ಲ ಪಾಸಾಗುವುದರಿಂದ ವರ್ಷಗಟ್ಟಲೆ ಸಿಕ್ಕದೆ ಉಳಿಯಬಹುದು. ಉಲ್ಟಾ ಕಡೆ ಜಾರಿದರೆ ತಡವಾಗಿ ಏಳುತ್ತದೆ: ಕರೆಂಟ್ ಕಡಿಮೆ, ಆದರೆ ಪೀಕ್ ಪವರ್ ಸಿಗದೆ ಮೇಲ್ತುದಿ ಮಡಿಸಿಕೊಳ್ಳುತ್ತದೆ. ಗೇಟ್ ವೋಲ್ಟೇಜ್ 50 ಮಿಲಿವೋಲ್ಟ್ ಹೆಜ್ಜೆಯಲ್ಲಿ ಬದಲಿಸುತ್ತ, ಡಿಪಿಡಿ ಹಾಕಿ 45 ಡಿಬಿ ಇನ್ನೂ ದಾಟುವ ಅತಿ ಆಳದ (ಅತಿ ಋಣ) ಬಯಾಸ್ ಹುಡುಕಿ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬನ್ನಿ.

ಮೇಲ್ತುದಿ ಪೂರ್ತಿ ಸಪಾಟಾಗಿ ನಿಂತಿದ್ದರೆ ಸ್ಯಾಚುರೇಷನ್. ಅದು ಆಂಪ್ಲಿಫೈಯರಿನದೋ ಎಡಿಸಿಯದೋ (ಅನಲಾಗನ್ನು ಡಿಜಿಟಲ್ ಮಾಡುವ ಭಾಗ) ನೋಡಬೇಕು. ಅಬ್ಸರ್ವೇಷನ್ ಎಡಿಸಿಯ ಪೀಕ್ ಫುಲ್ ಸ್ಕೇಲ್‌ಗಿಂತ 3 ಡಿಬಿ ಕೆಳಗಿರಲಿ. ಆ ದಾರಿಯ ಅಟೆನ್ಯುಯೇಟರ್ 3 ಡಿಬಿ ಹೆಚ್ಚಿಸಿದಾಗ ಸಪಾಟು ಮಾಯವಾದರೆ ಎಡಿಸಿ, ಉಳಿದರೆ ಆಂಪ್ಲಿಫೈಯರ್.

ಸಿಎಫ್‌ಆರ್ ತನ್ನ ಕೆಲಸ ಮಾಡುತ್ತಿದೆಯೇ

ಎಲ್‌ಟಿಇ ಬಳಸುವ ಒಎಫ್‌ಡಿಎಂ ಸಿಗ್ನಲ್ ಹತ್ತಿರಹತ್ತಿರ ಗೌಸಿಯನ್. ಅದರ ಪೀಕ್ 0.01 ಶೇಕಡಾ ಸಂಭವನೀಯತೆಯಲ್ಲಿ ಸರಾಸರಿಗಿಂತ 9.6 ಡಿಬಿ ಮೇಲಿರುತ್ತದೆ. ಹಾಗೇ ಬಿಟ್ಟರೆ 46 ಡಿಬಿಎಂ ಸರಾಸರಿಗೆ 365 ವ್ಯಾಟ್ ಪೀಕ್ ಕೊಡುವ ಆಂಪ್ಲಿಫೈಯರ್ ಬೇಕು. 7.5 ಡಿಬಿಗೆ ತಗ್ಗಿಸಿದರೆ 225 ವ್ಯಾಟ್ ಸಾಕು. ದಕ್ಷತೆಗೆ ಸಿಎಫ್‌ಆರ್ ಕೊಡುವ ಲಾಭ ಇದು, ಮತ್ತು ಇದಕ್ಕೆ ಇವಿಎಂನಲ್ಲಿ (ಸಿಂಬಲ್‌ಗಳು ಇರಬೇಕಾದ ಜಾಗದಿಂದ ಎಷ್ಟು ಸರಿದಿವೆ ಎಂಬ ಅಳತೆ) ಬೆಲೆ ತೆರಬೇಕು. ಆದರ್ಶ ಕ್ಲಿಪ್ಪಿಂಗ್‌ಗೇ 7.5 ಡಿಬಿಯಲ್ಲಿ ಸುಮಾರು 1.6 ಶೇಕಡಾ, 6.5ರಲ್ಲಿ 3.2 ಶೇಕಡಾ ಇವಿಎಂ ಹೋಗುತ್ತದೆ. ಕ್ಲಿಪ್ ಆದ ಮೇಲೆ ಸೋರಿಕೆ ತಡೆಯಲು ಫಿಲ್ಟರ್ ಮಾಡಿದಾಗ ಇನ್ನೂ ಹೆಚ್ಚು. 64 ಕ್ಯೂಎಎಂ ಮಾಡ್ಯುಲೇಷನ್‌ಗೆ ಮಿತಿ 8 ಶೇಕಡಾ ಇರುವುದರಿಂದ ಜಾಗವಿದೆ. 256 ಕ್ಯೂಎಎಂಗೆ 3.5 ಶೇಕಡಾ ಮಾತ್ರ. 64ಕ್ಕೆ ಹೊಂದಿಸಿದ ಘಟಕದಲ್ಲಿ 256 ಚಾಲೂ ಮಾಡಿದ ದಿನದಿಂದ ಇವಿಎಂ ದೂರು ಬಂದರೆ ಆಶ್ಚರ್ಯ ಬೇಡ.

ಪರೀಕ್ಷೆ: ಸಿಎಫ್‌ಆರ್ ಔಟ್‌ಪುಟ್‌ನ ಸಿಸಿಡಿಎಫ್ (ಸಿಗ್ನಲ್ ಯಾವ ಮಟ್ಟವನ್ನು ಎಷ್ಟು ಸಲ ಮೀರುತ್ತದೆ ಎಂಬ ವಕ್ರ) ತೆಗೆಯಿರಿ. 7.5 ಹೊಂದಿಸಿದ್ದರೂ 8.3 ಬಂದರೆ ಸಾಮಾನ್ಯ ಕಾರಣ ಎರಡು. ಪೀಕ್ ಹುಡುಕುವ ಕೆಲಸ 30.72 ಮೆಗಾಸ್ಯಾಂಪಲ್‌ನಲ್ಲೇ ನಡೆಯುತ್ತಿರಬಹುದು. ಎರಡು ಸ್ಯಾಂಪಲ್ ನಡುವಿನ ನಿಜವಾದ ಪೀಕ್ ಕೈತಪ್ಪಿ, ವೇಗ ಏರಿಸಿದ ಮೇಲೆ ಮತ್ತೆ ತಲೆಯೆತ್ತುತ್ತದೆ. ಅದು 122.88ರಲ್ಲಿ, ಅಂದರೆ ನಾಲ್ಕು ಪಟ್ಟಿನಲ್ಲಿ ನಡೆಯಬೇಕು. ಇನ್ನೊಂದು, ಎರಡನೇ ಕ್ಯಾರಿಯರ್ ಸೇರಿಸಿದಾಗ ಸಿಎಫ್‌ಆರ್ ಪ್ರತಿ ಕ್ಯಾರಿಯರ್ ಮೇಲೂ ಬೇರೆಬೇರೆ ನಡೆಯುತ್ತಿದ್ದು, ಕೂಡಿಸಿದ ಮೇಲೆ ಪೀಕ್ 9 ಡಿಬಿ ದಾಟುವುದು. ಕೂಡಿಸಿದ ಸಿಗ್ನಲ್ ಮೇಲೆಯೇ ಸಿಎಫ್‌ಆರ್ ಇಡಿ, ಪೀಕ್‌ಗಳನ್ನು ರದ್ದುಪಡಿಸುವ ಪಲ್ಸ್‌ಗಳನ್ನು ಹೊಸ ಕ್ಯಾರಿಯರ್ ಜೋಡಣೆಗೆ ತಕ್ಕಂತೆ ಮತ್ತೆ ಲೆಕ್ಕ ಹಾಕಿ. ಹಳೇ ಪಲ್ಸ್ ಉಳಿದರೆ ಕ್ಯಾರಿಯರ್‌ಗಳ ನಡುವಿನ ಖಾಲಿ ಜಾಗಕ್ಕೆ ಕಸ ಬೀಳುತ್ತದೆ.

ಡಿಎಸಿ (ಡಿಜಿಟಲನ್ನು ಅನಲಾಗ್ ಮಾಡುವ ಭಾಗ) ಮೇಲೂ ಕಣ್ಣಿರಲಿ. ಡಿಪಿಡಿ ಪೀಕ್‌ಗಳನ್ನು ಮತ್ತೆ ಎತ್ತುತ್ತದೆ, ಆಂಪ್ಲಿಫೈಯರ್ 3 ಡಿಬಿ ಒತ್ತಿದರೆ ಇದು 3 ಡಿಬಿಯಷ್ಟು ಉಬ್ಬಿಸಲೇಬೇಕು. ಸರಾಸರಿ ಮಟ್ಟ −11 ಡಿಬಿಎಫ್‌ಎಸ್‌ನಲ್ಲಿದ್ದು (ಫುಲ್ ಸ್ಕೇಲ್‌ಗಿಂತ 11 ಡಿಬಿ ಕೆಳಗೆ) ಪೀಕ್ 7.5 ಆದರೆ 3.5 ಡಿಬಿ ಉಳಿಯುತ್ತದೆ. −8ಕ್ಕೆ ಯಾರಾದರೂ ಏರಿಸಿದ್ದರೆ ಡಿಪಿಡಿ ಕೊಟ್ಟ ಪೀಕ್‌ಗಳನ್ನು ಡಿಎಸಿಯೇ ಕತ್ತರಿಸುತ್ತದೆ. ಓವರ್‌ಫ್ಲೋ ಕೌಂಟರ್ ಓದಿ, ಸೊನ್ನೆ ಇರಬೇಕು.

ಲ್ಯಾಬ್‌ನಲ್ಲಿ ಸರಿ, ರಾತ್ರಿ ಕಳೆದು ಬೆಳಗ್ಗೆ ಕೆಡುತ್ತದೆ

ಲ್ಯಾಬ್‌ನಲ್ಲಿ ಇ-ಟಿಎಂ 1.1ಗೆ 50 ಡಿಬಿ ಕೊಟ್ಟ ಘಟಕ ಟವರ್ ಮೇಲೆ ಮಧ್ಯರಾತ್ರಿ ಕಳೆದು ಬೆಳಗ್ಗೆ ಟ್ರಾಫಿಕ್ ಏರುತ್ತಲೇ ಅಕ್ಕಪಕ್ಕದ ಚಾನೆಲ್‌ಗೆ ಚೆಲ್ಲುವುದುಂಟು. ಕಾರಣ ಅಳೆದುಕೊಂಡ ಸ್ಯಾಂಪಲ್‌ನಲ್ಲಿದೆ. ಡಿಪಿಡಿ ಒಂದು ಸಲಕ್ಕೆ 16,384 ಸ್ಯಾಂಪಲ್ ಹಿಡಿದರೆ ಅದು 133 ಮೈಕ್ರೊಸೆಕೆಂಡ್, ಎರಡು ಸಿಂಬಲ್‌ಗೂ ಕಡಿಮೆ. ಖಾಲಿ ಸೆಲ್‌ನಲ್ಲಿ ಆ ಎರಡು ಸಿಂಬಲ್‌ನಲ್ಲಿ ರೆಫರೆನ್ಸ್ ಸಿಗ್ನಲ್ ಬಿಟ್ಟರೆ ಏನೂ ಇರದಿರಬಹುದು. ಟೈಮಿಂಗ್ ಸರಿಯಿಲ್ಲದಿದ್ದರೆ ಏನೂ ಕಳಿಸದ ಗಾರ್ಡ್ ಅವಧಿಯೇ ಸಿಕ್ಕೀತು. ದೊಡ್ಡ ಆಂಪ್ಲಿಟ್ಯೂಡ್‌ಗಳನ್ನೇ ನೋಡದೆ ಕಲಿತ ಏಳನೇ ಘಾತದ ಕೋಎಫಿಶಿಯಂಟ್ ಏನಾಗಿರುತ್ತದೆ ಎಂಬುದಕ್ಕೆ ಗ್ಯಾರಂಟಿ ಇಲ್ಲ.

ಹಿಡಿದ ಸ್ಯಾಂಪಲ್‌ಗಳ ಪೀಕ್ ರೇಟೆಡ್ ಪೀಕ್‌ಗಿಂತ 1 ಡಿಬಿಗಿಂತ ಕೆಳಗಿದ್ದರೆ ಕೋಎಫಿಶಿಯಂಟ್ ಬದಲಿಸಬೇಡಿ ಎಂಬ ಷರತ್ತು ಹಾಕಿ. ಹಲವು ಹಿಡಿತಗಳಿಂದ ದೊಡ್ಡ ಪೀಕ್ ಇರುವವನ್ನು ಆರಿಸಿ ಒಟ್ಟುಗೂಡಿಸುವುದು ಇನ್ನೂ ಒಳ್ಳೆಯದು. ಪವರ್ ಮಟ್ಟಕ್ಕೊಂದು ಕೋಎಫಿಶಿಯಂಟ್ ಸೆಟ್ ಇಟ್ಟುಕೊಳ್ಳಿ. ಗ್ಯಾಲಿಯಂ ನೈಟ್ರೈಡ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ದೊಡ್ಡ ಪವರ್‌ಗೆ ಚಾರ್ಜ್ ಟ್ರ್ಯಾಪ್ ಆಗಿ ಐಡಲ್ ಕರೆಂಟ್ ತಾತ್ಕಾಲಿಕವಾಗಿ ಕುಸಿಯುತ್ತದೆ, ಮತ್ತೆ ಏರಲು ಸಿಂಬಲ್‌ಗಿಂತ ಬಹಳ ಹೆಚ್ಚು ಹೊತ್ತು ಬೇಕು. ನಾಲ್ಕು ಟ್ಯಾಪ್‌ನ ಮೆಮೊರಿ ಪಾಲಿನೋಮಿಯಲ್‌ಗೆ ಇದು ಕಾಣುವುದೇ ಇಲ್ಲ.

ಡಿಪಿಡಿ ಹತೋಟಿ ತಪ್ಪಿದರೆ

ಪ್ರತಿ ಸುತ್ತಿಗೂ ಎಸಿಎಲ್‌ಆರ್ ಸುಧಾರಿಸುವ ಬದಲು ಹದಗೆಡುತ್ತ, ಡ್ರೇನ್ ಕರೆಂಟ್ ಏರುತ್ತ ಹೋದರೆ ಕೂಡಲೇ ನಿಲ್ಲಿಸಿ. ಆಂಪ್ಲಿಫೈಯರ್ ಪೀಕ್ ಕೊಡಲಾರದು, ಡಿಪಿಡಿ ಇನ್ನೂ ತಳ್ಳುತ್ತದೆ, ಅದು ಇನ್ನಷ್ಟು ಸ್ಯಾಚುರೇಟ್ ಆಗುತ್ತದೆ. ಗೇಟ್ ಕರೆಂಟ್ ಧನವಾಗಿ ತಿರುಗುತ್ತಿದ್ದರೆ ಟ್ರಾನ್ಸಿಸ್ಟರ್ ಅಪಾಯದಲ್ಲಿದೆ.

ಡಿಪಿಡಿ ಔಟ್‌ಪುಟ್‌ಗೆ ಆಂಪ್ಲಿಟ್ಯೂಡ್ ಮಿತಿ ಹಾಕಿ. ಹೊಸ ಕೋಎಫಿಶಿಯಂಟ್ ಪೂರ್ತಿ ಒಪ್ಪದೆ ಹಳೆಯದರ ಕಡೆಯಿಂದ ಅರ್ಧ ಹೆಜ್ಜೆ ಇಡಿ. ದೋಷ ಹಿಂದಿನ ಸುತ್ತಿಗಿಂತ ಹೆಚ್ಚಿದರೆ ಹೊಸದನ್ನು ಎಸೆದು ಕೊನೆಯ ಒಳ್ಳೆಯ ಸೆಟ್‌ಗೆ ಮರಳಿ. ಇದಾದ ಮೇಲೂ ಕುಣಿಯುತ್ತಿದ್ದರೆ ಲೆಕ್ಕದ ಮ್ಯಾಟ್ರಿಕ್ಸ್ ದುರ್ಬಲ: ಇನ್‌ಪುಟನ್ನು ಗರಿಷ್ಠ 1 ಆಗುವಂತೆ ಸ್ಕೇಲ್ ಮಾಡಿ, ಕರ್ಣಕ್ಕೆ ಸಣ್ಣ ಸ್ಥಿರಾಂಕ ಕೂಡಿಸಿ, ಡಬಲ್ ಪ್ರಿಸಿಷನ್ ಬಳಸಿ. ಘಾತ 7, ಟ್ಯಾಪ್ 4 ಅಂದರೆ 28 ಕಾಂಪ್ಲೆಕ್ಸ್ ಕೋಎಫಿಶಿಯಂಟ್. 20 ಮೆಗಾಹರ್ಟ್ಸ್‌ಗೆ ಇದು ಸಾಮಾನ್ಯವಾಗಿ ಸಾಕು. ಸಾಲದೆ ಹೋದಾಗಲೆಲ್ಲ ಘಾತ 11ಕ್ಕೆ ಏರಿಸುವ ಅಭ್ಯಾಸ ಒಳ್ಳೆಯದಲ್ಲ.

ಎಸಿಎಲ್‌ಆರ್ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟರೆ ಐಕ್ಯೂ ಅಸಮತೋಲನ (ಸಿಗ್ನಲ್‌ನ ಐ ಮತ್ತು ಕ್ಯೂ ಎಂಬ ಎರಡು ದಾರಿ ಸಮವಾಗಿಲ್ಲದಿರುವುದು) ನೋಡಿ. ಡಿಪಿಡಿ ಆಫ್ ಮಾಡಿ, ಕಡಿಮೆ ಪವರ್‌ನಲ್ಲಿ ಕ್ಯಾರಿಯರ್‌ನಿಂದ +5 ಮೆಗಾಹರ್ಟ್ಸ್‌ನಲ್ಲಿ ಒಂದೇ ಟೋನ್ ಕೊಟ್ಟು −5ರಲ್ಲಿ ಪ್ರತಿಬಿಂಬ ಅಳೆಯಿರಿ. ಗೇನ್‌ನಲ್ಲಿ 0.1 ಡಿಬಿ ತಪ್ಪಿದರೆ ಪ್ರತಿಬಿಂಬ −45 ಡಿಬಿ, ಫೇಸ್‌ನಲ್ಲಿ 1 ಡಿಗ್ರಿ ತಪ್ಪಿದರೆ −41. ಹೊರಗಿನ ಅನಲೈಸರ್‌ನಲ್ಲಿ ಶುದ್ಧವಾಗಿದ್ದು ಹಿಡಿದ ಸ್ಯಾಂಪಲ್‌ನಲ್ಲಿ ಮಾತ್ರ ಪ್ರತಿಬಿಂಬ ಕಂಡರೆ ಟ್ರಾನ್ಸ್‌ಮಿಟರ್ ನಿರಪರಾಧಿ, ಅಬ್ಸರ್ವೇಷನ್ ರಿಸೀವರ್‌ನ ಕ್ಯಾಲಿಬ್ರೇಷನ್ ಮಾಡಿ.

ಡಮ್ಮಿ ಲೋಡ್‌ನಲ್ಲಿ ಸರಿ, ಆಂಟೆನಾದಲ್ಲಿ ತಪ್ಪು

ಇದಾದರೆ ಬೋರ್ಡ್ ಮುಟ್ಟುವ ಮೊದಲು ಫೀಡರ್ (ಆಂಟೆನಾಗೆ ಹೋಗುವ ಕೇಬಲ್) ನೋಡಿ. ರಿಟರ್ನ್ ಲಾಸ್ 14 ಡಿಬಿಗಿಂತ ಕೆಟ್ಟಿದ್ದರೆ (ವಿಎಸ್‌ಡಬ್ಲ್ಯುಆರ್ 1.5ಕ್ಕಿಂತ ಹೆಚ್ಚು) ಡೋಹರ್ಟಿ ಕಾಣುವ ಲೋಡ್ ಬದಲಾಗಿ ದಕ್ಷತೆಯೂ ಎಸಿಎಲ್‌ಆರ್‌ ಕೂಡ ಜಾರುತ್ತವೆ. ಆಂಟೆನಾದಿಂದ ಮರಳುವ ಪವರನ್ನು ಬೇರೆಡೆ ತಿರುಗಿಸುವ ಸರ್ಕ್ಯುಲೇಟರ್ ಇರುವ ಘಟಕ ಇದನ್ನು ತಾಳಬೇಕು. ತಾಳದಿದ್ದರೆ ಸರ್ಕ್ಯುಲೇಟರ್‌ನ ಮೂರನೇ ಪೋರ್ಟ್‌ನ ಲೋಡ್ ರೆಸಿಸ್ಟರ್ ಸುಟ್ಟಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ಅಳೆಯಿರಿ, 50 ಓಮ್ ಬರಬೇಕು.

ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಮಧ್ಯಾಹ್ನ ಬರುವ ದೂರು ಬೇರೆ ಬಗೆಯದು. ಗೇಟ್ ಬಯಾಸ್‌ನ ತಾಪಮಾನ ಸರಿದೂಗಿಸುವ ಟೇಬಲ್ ಸಾಮಾನ್ಯವಾಗಿ ಬೋರ್ಡ್ ಮೇಲಿನ ಸೆನ್ಸರನ್ನು ನಂಬುತ್ತದೆ. ಟ್ರಾನ್ಸಿಸ್ಟರ್ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಸೆನ್ಸರ್ 75 ಡಿಗ್ರಿ ಅನ್ನುವಾಗ ಫ್ಲೇಂಜ್ (ಟ್ರಾನ್ಸಿಸ್ಟರ್‌ನ ಲೋಹದ ತಳ) ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ಟೇಬಲ್ ತಪ್ಪು ಸಾಲಿನಿಂದ ಬಯಾಸ್ ಕೊಡುತ್ತದೆ. ಫ್ಲೇಂಜ್ ಪಕ್ಕ ಥರ್ಮೊಕಪಲ್ ಅಂಟಿಸಿ ಪೂರ್ತಿ ಪವರ್‌ನಲ್ಲಿ 30 ನಿಮಿಷ ಓಡಿಸಿ, ಎರಡು ಅಂಕಿಗಳ ಅಂತರ ಕಾರ್ಖಾನೆ ದಾಖಲೆಗಿಂತ 10 ಡಿಗ್ರಿ ಹೆಚ್ಚಿದ್ದರೆ ಟ್ರಾನ್ಸಿಸ್ಟರ್ ಬಿಚ್ಚಿ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಸ್ಕ್ರೂಗಳನ್ನು ಡೇಟಾಶೀಟ್ ಹೇಳಿದ ಟಾರ್ಕ್‌ಗೆ ಎದುರುಬದುರಾಗಿ ಬಿಗಿಯಿರಿ, ಆಮೇಲೆ ಐಡಲ್ ಕರೆಂಟನ್ನು ಮೊದಲಿಂದ ಹೊಂದಿಸಿ.